ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಎಂಒಟಿ ದಾಖಲೆ ನೋಡಿ ಆರಿಸುವುದು ಹೇಗೆ?

ಕೆಲಸಕ್ಕೋ ಓದಿಗೋ ಬ್ರಿಟನ್ನಿಗೆ ಬಂದ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಮೊದಲು ಕೊಳ್ಳುವುದು ಎಂಟು ಹತ್ತು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರನ್ನು. ಊರಿನಲ್ಲಿ ಇಂಥ ಕಾರು ಕೊಳ್ಳುವಾಗ ಪರಿಚಯದ ಮೆಕ್ಯಾನಿಕ್‌ನ ಮಾತು, ಶೋರೂಮಿನ ಸರ್ವಿಸ್ ದಾಖಲೆ ಮತ್ತು ಮಾರುವವರ ಮೇಲಿನ ನಂಬಿಕೆ ಇವೇ ನಮಗೆ ಆಧಾರ. ಏಕೆಂದರೆ ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷದವರೆಗೆ ಊರ್ಜಿತದಲ್ಲಿರುತ್ತದೆ, ಆ ಅವಧಿಯಲ್ಲಿ ಹೊಗೆ ತಪಾಸಣೆಯೊಂದನ್ನು ಬಿಟ್ಟರೆ ಬ್ರೇಕು, ಸಸ್ಪೆನ್ಷನ್, ಅಡಿಭಾಗಗಳನ್ನು ಪ್ರತಿವರ್ಷ ಪರೀಕ್ಷೆಗೆ ಒಡ್ಡಬೇಕೆಂಬ ಕಡ್ಡಾಯವಿಲ್ಲ. ಬ್ರಿಟನ್ನಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಮೂರು ವರ್ಷ ದಾಟಿದ ಕಾರು ವರ್ಷಕ್ಕೊಮ್ಮೆ ಎಂಒಟಿ ಎಂಬ ಸುರಕ್ಷತೆ ಮತ್ತು ಹೊಗೆ ಪರೀಕ್ಷೆಗೆ ಹೋಗಲೇಬೇಕು, ಮತ್ತು ಆ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ನಂಬರ್ ಪ್ಲೇಟಿನ ಸಂಖ್ಯೆಯೊಂದರಿಂದಲೇ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಆದರೂ ಜಾಹೀರಾತಿನಲ್ಲಿ 'ಹನ್ನೆರಡು ತಿಂಗಳ ಎಂಒಟಿ ಇದೆ' ಎಂಬ ಸಾಲನ್ನು ಕಂಡು ಸಮಾಧಾನಪಟ್ಟು, ಉಳಿದ ಪುಟಗಳನ್ನು ಓದದೆ ಹಣ ಕೊಡುವವರೇ ಹೆಚ್ಚು. ಆ ಸಾಲು ಹೇಳುವುದು ಕಾರು ಒಂದು ದಿನ ಪಾಸಾಗಿತ್ತು ಎಂಬುದನ್ನು ಮಾತ್ರ. ಕೊಳ್ಳುವವರಿಗೆ ಬೇಕಾದದ್ದು ಅದರ ಹಿಂದಿನ ಏಳೆಂಟು ವರ್ಷಗಳ ನಡವಳಿಕೆ.

ಈ ಪರೀಕ್ಷೆ 1960ರಲ್ಲಿ ಆರಂಭವಾದಾಗ ಹತ್ತು ವರ್ಷ ಮೀರಿದ ವಾಹನಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. 1967ರಲ್ಲಿ ಅದು ಮೂರು ವರ್ಷಕ್ಕೆ ಇಳಿಯಿತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಮೊದಲ ಪರೀಕ್ಷೆ ನಾಲ್ಕನೆಯ ವರ್ಷಕ್ಕೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2005ರಿಂದ ಈಚೆಗೆ ನಡೆದ ಪರೀಕ್ಷೆಗಳೆಲ್ಲ ಜಾಲತಾಣದಲ್ಲಿ ಸಿಗುತ್ತವೆ: ದಿನಾಂಕ, ಪಾಸೋ ಫೇಲೋ, ಆ ದಿನದ ಓಡೋಮೀಟರ್ ಓದು, ಕಂಡುಬಂದ ದೋಷಗಳು. ಫೇಲಿಗೆ ಕಾರಣವಾಗದ, ಆದರೆ ಗಮನಿಸಬೇಕಾದ ಅಂಶಗಳನ್ನು ಪರೀಕ್ಷಕರು 'ಅಡ್ವೈಸರಿ' ಎಂದು ಬರೆದಿಡುತ್ತಾರೆ. ಇಡೀ ದಾಖಲೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಈ ಅಡ್ವೈಸರಿಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಬಹುಮಟ್ಟಿಗೆ ಅವುಗಳ ಸುತ್ತಲೇ ನಡೆಯುತ್ತದೆ.

ಮೂರು ಕಾರುಗಳು

ಹೋಲಿಕೆಗೆಂದು ಮೂರು ಕಾರುಗಳನ್ನು ಕಲ್ಪಿಸಿಕೊಳ್ಳೋಣ. ಮೂರೂ 2015ರಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳು, ಬೆಲೆಯೂ ಹೆಚ್ಚು ಕಡಿಮೆ ಒಂದೇ.

ಮೊದಲನೆಯ ಕಾರು ಒಮ್ಮೆಯೂ ಫೇಲ್ ಆಗಿಲ್ಲ. ಮೊದಲ ಕೆಲವು ವರ್ಷ ಅಡ್ವೈಸರಿಯೂ ಇಲ್ಲ. ಆಮೇಲೆ ಒಂದು ವರ್ಷ 'ಹಿಂಬದಿಯ ಬ್ರೇಕ್ ಪೈಪಿಗೆ ತುಕ್ಕು', ಮರುವರ್ಷ ಅದೇ ಸಾಲಿನ ಜೊತೆಗೆ 'ಸಿಲ್‌ನಲ್ಲಿ ತುಕ್ಕು, ಆದರೆ ಗಂಭೀರವಾಗಿ ದುರ್ಬಲಗೊಂಡಿಲ್ಲ' ಎಂದು ಬಂದಿದೆ. ಸಿಲ್ ಎಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಕಾರಿನ ಮೈಯ ಅಂಚು. ಮಾರಾಟಕ್ಕೆ ಇಡುವ ಮೂರು ವಾರ ಮೊದಲು ಮಾಡಿಸಿದ ಕೊನೆಯ ಪರೀಕ್ಷೆಯಲ್ಲಿ ಮಾತ್ರ ಒಂದು ಸಾಲಿನ ದೋಷವೂ ಇಲ್ಲ.

ಎರಡನೆಯ ಕಾರು ಮೂರು ಸಲ ಫೇಲ್ ಆಗಿದೆ. ಒಮ್ಮೆ ಮುಂದಿನ ಎರಡು ಟೈರುಗಳು ಸವೆದಿದ್ದಕ್ಕೆ, ಒಮ್ಮೆ ಮುಂದಿನ ಕಾಯಿಲ್ ಸ್ಪ್ರಿಂಗ್ ಮುರಿದಿದ್ದಕ್ಕೆ, ಒಮ್ಮೆ ಹೆಡ್‌ಲೈಟ್ ಬಲ್ಬಿಗೆ. ಪ್ರತಿಸಲವೂ ಅದೇ ದಿನ ಅಥವಾ ಎರಡು ದಿನದೊಳಗೆ ಮತ್ತೆ ಪಾಸಾಗಿದೆ. ಒಂದು ವರ್ಷ ಕಂಡ ಅಡ್ವೈಸರಿ ಮುಂದಿನ ವರ್ಷ ಕಾಣುವುದಿಲ್ಲ.

ಮೂರನೆಯದು ಹತ್ತು ವರ್ಷದಲ್ಲಿ ಕೇವಲ 28,000 ಮೈಲಿ ಓಡಿದೆ. ಎಲ್ಲ ಪರೀಕ್ಷೆಯಲ್ಲೂ ಪಾಸು. ಕೊನೆಯ ನಾಲ್ಕು ವರ್ಷ ವರ್ಷಕ್ಕೆ ಐದಾರು ನೂರು ಮೈಲಿಗಿಂತ ಹೆಚ್ಚು ಓಡಿಲ್ಲ. ಅಡ್ವೈಸರಿಗಳಲ್ಲಿ 'ಬ್ರೇಕ್ ಡಿಸ್ಕ್‌ನಲ್ಲಿ ತುಕ್ಕಿನ ಗುಳಿಗಳು' ಮತ್ತು 'ಟೈರಿನ ಪಕ್ಕ ಬಿರುಕು' ಎಂಬ ಮಾತುಗಳಿವೆ.

ಮೊದಲ ನೋಟಕ್ಕೆ ಮೂರನೆಯದು, ಅದು ಸಿಗದಿದ್ದರೆ ಮೊದಲನೆಯದು ಎಂದು ಅನೇಕರು ನಿರ್ಧರಿಸುತ್ತಾರೆ. ಫೇಲ್ ಎಂಬ ಕೆಂಪು ಅಕ್ಷರ ಕಂಡ ಕೂಡಲೇ ಎರಡನೆಯದನ್ನು ಪಕ್ಕಕ್ಕಿಡುತ್ತಾರೆ. ನನ್ನ ಪ್ರಕಾರ ಕ್ರಮ ತಿರುಗಾಮುರುಗಾ ಆಗಬೇಕು.

ಫೇಲ್‌ಗಳನ್ನು ಎಣಿಸುವುದು ಏಕೆ ಸಾಲದು

ಎಷ್ಟು ಸಲ ಫೇಲ್ ಆಗಿದೆ ಎಂಬ ಲೆಕ್ಕ ಕಾರಿನ ಗುಣಕ್ಕಿಂತ ಹೆಚ್ಚಾಗಿ ಅದರ ಒಡೆಯರ ಅಭ್ಯಾಸವನ್ನು ಹೇಳುತ್ತದೆ. ಕೆಲವರು ಪರೀಕ್ಷೆಗೆ ಮುಂಚೆ ಗ್ಯಾರೇಜಿನಲ್ಲಿ ಎಲ್ಲವನ್ನೂ ಸರಿಪಡಿಸಿಕೊಂಡು ಹೋಗುತ್ತಾರೆ; ಇನ್ನು ಕೆಲವರು ಪರೀಕ್ಷೆಯನ್ನೇ ಪಟ್ಟಿ ಮಾಡುವ ಸಾಧನವಾಗಿ ಬಳಸಿ, ಫೇಲ್ ಆದದ್ದನ್ನು ಆಮೇಲೆ ಸರಿಪಡಿಸುತ್ತಾರೆ. ಇಬ್ಬರ ಕಾರೂ ಒಂದೇ ಸ್ಥಿತಿಯಲ್ಲಿರಬಹುದು. ಇನ್ನೊಂದು ವಿಷಯವೂ ಇದೆ: ಬಲ್ಬು, ವೈಪರ್‌ನಂಥ ಸಣ್ಣ ದೋಷವನ್ನು ಪರೀಕ್ಷಾ ಕೇಂದ್ರದಲ್ಲಿಯೇ ಒಂದು ಗಂಟೆಯೊಳಗೆ ಸರಿಪಡಿಸಿದರೂ ದಾಖಲೆಯಲ್ಲಿ ಅದೇ ದಿನಾಂಕಕ್ಕೆ ಒಂದು ಫೇಲ್, ಒಂದು ಪಾಸ್ ಎರಡೂ ಕಾಣುತ್ತವೆ. ಅದನ್ನು ಕಂಡು ಹೆದರಬೇಕಾಗಿಲ್ಲ.

ಹಳೆಯ ದಾಖಲೆಯನ್ನು ಹೊಸದರೊಂದಿಗೆ ತೂಗುವಾಗ 2018ರ ಮೇ 20 ಎಂಬ ದಿನಾಂಕ ನೆನಪಿರಲಿ. ಅಂದಿನಿಂದ ದೋಷಗಳನ್ನು 'ಡೇಂಜರಸ್', 'ಮೇಜರ್', 'ಮೈನರ್' ಎಂದು ವಿಂಗಡಿಸಲಾಗುತ್ತಿದೆ. ಮೊದಲ ಎರಡಕ್ಕೆ ಕಾರು ಫೇಲ್ ಆಗುತ್ತದೆ, ಮೈನರ್ ಇದ್ದರೆ ಪಾಸಾಗುತ್ತದೆ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಈ ವಿಂಗಡಣೆ ಇಲ್ಲ. 2016ರ ಒಂದು ಫೇಲು ಮತ್ತು 2022ರ ಒಂದು 'ಡೇಂಜರಸ್' ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಲೆಕ್ಕ ತಪ್ಪುತ್ತದೆ. 'ಡೇಂಜರಸ್' ಎಂದು ಬರೆದದ್ದೆಲ್ಲ ಕಾರು ಕೆಟ್ಟದೆಂಬುದಕ್ಕೆ ಸಾಕ್ಷಿಯೂ ಅಲ್ಲ: ಒಳಗಿನ ತಂತಿ ಹೊರಬಂದ ಟೈರ್ ನಿಜಕ್ಕೂ ಅಪಾಯಕಾರಿ, ಆದರೆ ಹೊಸ ಟೈರ್ ಹಾಕಿದ ಕ್ಷಣ ಆ ಅಪಾಯ ಮುಗಿಯಿತು. ಉಳಿಯುವ ಪ್ರಶ್ನೆ ಇಷ್ಟೇ: ತಂತಿ ಕಾಣುವವರೆಗೆ ಟೈರನ್ನು ಓಡಿಸಿದವರು ಎಂಜಿನ್ ಆಯಿಲನ್ನು ಸಮಯಕ್ಕೆ ಸರಿಯಾಗಿ ಬದಲಿಸಿದ್ದಾರೆಯೇ?

ಹಾಗಾಗಿ ದೋಷಗಳನ್ನು ಎರಡು ಗುಂಪಾಗಿ ನೋಡುವುದು ಒಳ್ಳೆಯದು. ಟೈರ್, ಬ್ರೇಕ್ ಪ್ಯಾಡ್, ಬಲ್ಬು, ವೈಪರ್, ಸಸ್ಪೆನ್ಷನ್ ಬುಷ್, ಸ್ಪ್ರಿಂಗ್ ಇವು ಸವೆಯುವ ಭಾಗಗಳು, ಬದಲಿಸಿದರೆ ಮುಗಿಯಿತು. ಬ್ರಿಟನ್ನಿನ ರಸ್ತೆಗುಂಡಿಗಳಲ್ಲಿ ಕಾಯಿಲ್ ಸ್ಪ್ರಿಂಗ್ ಮುರಿಯುವುದು ಅಪರೂಪವೇನಲ್ಲ. ಎರಡನೆಯ ಗುಂಪು ಕಾರಿನ ಮೈಗೆ ಸೇರಿದ್ದು: ಸಿಲ್, ಸಬ್‌ಫ್ರೇಮ್, ಚಾಸಿಯ ತುಕ್ಕು. ಇವು ಬದಲಿಸುವ ಭಾಗಗಳಲ್ಲ. ಕತ್ತರಿಸಿ ವೆಲ್ಡ್ ಮಾಡಬೇಕು, ಮಾಡಿದ ಮೇಲೂ ಪಕ್ಕದಲ್ಲಿ ಮತ್ತೆ ಹಬ್ಬುವ ಸಾಧ್ಯತೆ ಇರುತ್ತದೆ.

ತುಕ್ಕು

ತುಕ್ಕಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಬೆಂಗಳೂರು ಮೈಸೂರು ಕಡೆಯಿಂದ ಬಂದವರಿಗೆ ಇದು ಅಷ್ಟಾಗಿ ಪರಿಚಯವಿಲ್ಲದ ಅಪಾಯ. ಮಂಗಳೂರು, ಉಡುಪಿ, ಕಾರವಾರದವರು ಉಪ್ಪಿನ ಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಕಂಡವರು. ಬ್ರಿಟನ್ನಿನಲ್ಲಿ ಚಳಿಗಾಲದುದ್ದಕ್ಕೂ ಹೆಪ್ಪು ತಡೆಯಲೆಂದು ರಸ್ತೆಗೇ ಉಪ್ಪು ಚೆಲ್ಲುತ್ತಾರೆ, ಅದು ನೀರಿನೊಂದಿಗೆ ಕಾರಿನ ಅಡಿಗೆ ಚಿಮ್ಮಿ ಪೈಪು, ಸ್ಪ್ರಿಂಗು, ಸಿಲ್‌ಗಳ ಸಂದಿಯಲ್ಲಿ ಕೂರುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ಬೇರೆಯದೇ ಕಥೆ ನಡೆದಿರುತ್ತದೆ.

ಎಂಒಟಿ ನಿಯಮದಲ್ಲಿ ತುಕ್ಕು ಎಲ್ಲಿದೆ ಎಂಬುದಕ್ಕೆ ಮಹತ್ವವಿದೆ. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕು, ಸೀಟ್ ಬೆಲ್ಟುಗಳನ್ನು ಮೈಗೆ ಬಿಗಿದಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ತೀರಾ ದುರ್ಬಲವಾಗಿದ್ದರೆ ಕಾರು ಫೇಲ್ ಆಗುತ್ತದೆ. ಬಾಗಿಲಿನ ಅಂಚಿನ ಗುಳ್ಳೆ ನೋಡಲು ಅಸಹ್ಯವಾದರೂ ಅದರಿಂದ ಅಂಥ ಭಯವಿಲ್ಲ. ಹಿಂದಿನ ಆಕ್ಸಲ್ ಕೂರುವ ಜಾಗದ ಸಣ್ಣ ತೂತಿನಿಂದ ಇದೆ. ಆದ್ದರಿಂದ 'ಕರೋಷನ್' ಎಂಬ ಪದ ಕಂಡಾಗ ಅದರ ಮುಂದಿನ ಪದಗಳನ್ನೂ ಓದಿ, ಯಾವ ಭಾಗ, ಯಾವ ಪಕ್ಕ ಎಂದು ಗುರುತು ಹಾಕಿಕೊಳ್ಳಿ. ದಾಖಲೆಯಲ್ಲಿ 'ನಿಯರ್‌ಸೈಡ್' ಎಂದರೆ ಕಾರಿನ ಎಡಬದಿ, 'ಆಫ್‌ಸೈಡ್' ಎಂದರೆ ಚಾಲಕರು ಕೂರುವ ಬಲಬದಿ.

ಈಗ ಮೊದಲನೆಯ ಕಾರಿಗೆ ಮರಳೋಣ. ಎರಡು ವರ್ಷ ಸತತವಾಗಿ ಬರೆದಿದ್ದ ತುಕ್ಕು ಮೂರನೆಯ ಪರೀಕ್ಷೆಯಲ್ಲಿ ಮಾಯವಾಗಿದೆ. ತುಕ್ಕು ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ. ಒಂದೋ ಪೈಪ್ ಬದಲಿಸಿ ಸಿಲ್ ವೆಲ್ಡ್ ಮಾಡಿಸಿದ್ದಾರೆ, ಹಾಗಿದ್ದರೆ ಬಿಲ್ ಇರುತ್ತದೆ. ಇಲ್ಲವೇ ಬೇರೊಬ್ಬ ಪರೀಕ್ಷಕರು ಅದನ್ನು ಬರೆಯುವಷ್ಟು ದೊಡ್ಡದೆಂದು ಭಾವಿಸಿಲ್ಲ. ಅದೂ ಅಲ್ಲವಾದರೆ ಮೇಲೆ ಕಪ್ಪು ಅಂಡರ್‌ಸೀಲ್ ಎಂಬ ತುಕ್ಕು ತಡೆಯುವ ಲೇಪ ಬಳಿದಿದ್ದಾರೆ. ಪರೀಕ್ಷಕರು ಭಾಗಗಳನ್ನು ಬಿಚ್ಚಿ ನೋಡುವುದಿಲ್ಲ, ಕಣ್ಣಿಗೆ ಕಾಣುವುದನ್ನು ಮಾತ್ರ ದಾಖಲಿಸುತ್ತಾರೆ. 'ಬ್ರೇಕ್ ಪೈಪ್ ಗ್ರೀಸಿನಿಂದ ಮುಚ್ಚಿದೆ', 'ಅಡಿಭಾಗಕ್ಕೆ ದಟ್ಟವಾಗಿ ಅಂಡರ್‌ಸೀಲ್ ಹಚ್ಚಿದೆ', 'ಅಡಿಯ ಹೊದಿಕೆಯಿಂದಾಗಿ ಕೆಲವು ಭಾಗ ಕಾಣಲಿಲ್ಲ' ಎಂಬ ಒಕ್ಕಣೆಗಳು ಕೆಲವೊಮ್ಮೆ ಅಡ್ವೈಸರಿಯಲ್ಲಿ ಬರುವುದು ಇದೇ ಕಾರಣಕ್ಕೆ: ನಾನು ನೋಡಲು ಆಗದ್ದು ಇಲ್ಲಿದೆ ಎಂದು ಪರೀಕ್ಷಕರು ಪ್ರಾಮಾಣಿಕವಾಗಿ ಬರೆದಿಟ್ಟ ಸಾಲುಗಳು ಅವು. ಕಾರು ನೋಡಲು ಹೋದಾಗ ಮೊಬೈಲಿನ ಟಾರ್ಚ್ ಹಿಡಿದು ಹಿಂದಿನ ಚಕ್ರದ ಒಳಬದಿಗೆ ಬಗ್ಗಿ ನೋಡಿ. ಹತ್ತು ವರ್ಷದ ಕಾರಿನ ಅಡಿಯಲ್ಲಿ ಒಂದೇ ಒಂದು ತೇಪೆಯಷ್ಟು ಜಾಗ ಹೊಚ್ಚ ಹೊಸ ಕಪ್ಪು ಬಣ್ಣದಿಂದ ಮಿಂಚುತ್ತಿದ್ದರೆ, ಅದರ ಸುತ್ತ ಹಳೆಯ ಕೆಸರು ಹಾಗೆಯೇ ಇದ್ದರೆ, ಬಿಲ್ ಕೇಳದೆ ಮುಂದುವರಿಯಬೇಡಿ.

ಎಚ್ಚರಿಕೆಗೂ ರಿಪೇರಿಗೂ ನಡುವಿನ ಅಂತರ

ಅಡ್ವೈಸರಿಗಳನ್ನು ವರ್ಷದಿಂದ ವರ್ಷಕ್ಕೆ ಪಕ್ಕಪಕ್ಕದಲ್ಲಿಟ್ಟು ಓದಿದರೆ ಮಾಲೀಕರ ಸ್ವಭಾವ ಸ್ಪಷ್ಟವಾಗುತ್ತದೆ. 'ಮುಂದಿನ ಟೈರ್ ಕಾನೂನಿನ ಮಿತಿಯ ಹತ್ತಿರ ಸವೆದಿದೆ' ಎಂದು ಒಂದು ವರ್ಷ ಬಂದು, ಮರುವರ್ಷ ಅದೇ ಟೈರಿಗೆ ಫೇಲ್ ಆಗಿದ್ದರೆ, ಹನ್ನೆರಡು ತಿಂಗಳು ಎಚ್ಚರಿಕೆ ಕೈಯಲ್ಲಿದ್ದರೂ ಯಾರೂ ಕಿವಿಗೊಡಲಿಲ್ಲ ಎಂದರ್ಥ. ಬ್ರಿಟನ್ನಿನಲ್ಲಿ ಟೈರಿನ ಮೇಲ್ಮೈ ಗೀರುಗಳ (ಟ್ರೆಡ್) ಕನಿಷ್ಠ ಆಳ 1.6 ಮಿಲಿಮೀಟರ್, ಅದಕ್ಕಿಂತ ಕಡಿಮೆ ಇದ್ದರೆ ಒಂದೊಂದು ಟೈರಿಗೆ 2,500 ಪೌಂಡ್‌ವರೆಗೆ ದಂಡ ಮತ್ತು ಲೈಸೆನ್ಸಿಗೆ 3 ಪೆನಾಲ್ಟಿ ಪಾಯಿಂಟ್. ಇಷ್ಟು ಕಠಿಣ ನಿಯಮವಿರುವ ವಿಷಯದಲ್ಲೂ ಅಸಡ್ಡೆ ತೋರಿದವರು ಯಾರಿಗೂ ಕಾಣದ ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಕಾಳಜಿ ವಹಿಸಿರುತ್ತಾರೆಂದು ನಂಬುವುದು ಕಷ್ಟ. ಎರಡನೆಯ ಕಾರು ನನಗೆ ಹಿಡಿಸುವುದು ಇಲ್ಲಿಯೇ: ಸ್ಪ್ರಿಂಗ್ ಮುರಿದಾಗ ಎರಡು ದಿನದಲ್ಲಿ ಬದಲಾಗಿದೆ, ಹಿಂದಿನ ವರ್ಷ ಬರೆದ ಬುಷ್ ಮರುವರ್ಷ ಪಟ್ಟಿಯಲ್ಲಿಲ್ಲ.

ಟೈರಿನ ಅಡ್ವೈಸರಿಯಲ್ಲಿಯೇ ಇನ್ನೊಂದು ಸುಳಿವು ಅಡಗಿದೆ. ಟೈರ್ ಎಲ್ಲೆಡೆ ಸಮನಾಗಿ ಸವೆಯುವುದು ಸಹಜ. ಒಂದೇ ಬದಿಯ ಟೈರಿನ ಒಳ ಅಂಚು ಮಾತ್ರ ವರ್ಷ ಬಿಟ್ಟು ವರ್ಷ ಸವೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಕೆಟ್ಟಿರಬಹುದು, ಅಥವಾ ಸಸ್ಪೆನ್ಷನ್ ಭಾಗವೊಂದು ಬಾಗಿರಬಹುದು. ಅದರ ಹಿಂದೆ ಎಲ್ಲೋ ಒಂದು ಅಪಘಾತವೋ ಫುಟ್‌ಪಾತಿಗೆ ಬಡಿದದ್ದೋ ಇರಬಹುದು. ಅಂಥ ಕಾರನ್ನು ನೇರವಾದ ರಸ್ತೆಯಲ್ಲಿ ಓಡಿಸಿ, ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆಯೇ ಎಂದು ನೋಡುವವರೆಗೆ ಬೆಲೆಯ ಮಾತು ಆಡಬಾರದು.

ಮೈಲಿ ಮತ್ತು ಖಾಲಿ ವರ್ಷಗಳು

ಪ್ರತಿ ಪರೀಕ್ಷೆಯಲ್ಲೂ ಮೈಲಿ ದಾಖಲಾಗುವುದರಿಂದ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಆದರೆ ಎಲ್ಲ ಏರುಪೇರೂ ಮೋಸವಲ್ಲ. ಮೈಲಿ 41,000, ಮರುವರ್ಷ 94,000, ಅದರ ಮರುವರ್ಷ 55,000 ಎಂದಿದ್ದರೆ ನಡುವಿನದು 49,000 ಎಂಬುದರ ಅಂಕಿ ಅದಲುಬದಲಾದ ತಪ್ಪು ಬರಹ ಎನ್ನಬಹುದು. 88,000ದವರೆಗೆ ಕ್ರಮವಾಗಿ ಏರಿ, ಆಮೇಲೆ 52,000ಕ್ಕೆ ಇಳಿದು, ಅಲ್ಲಿಂದ ಮತ್ತೆ ಏರುತ್ತಾ ಹೋಗಿದ್ದರೆ ಆ ಕಾರನ್ನು ಬಿಟ್ಟುಬಿಡಿ; ಮೀಟರ್ ಬದಲಿಸಿದ ದಾಖಲೆ ತೋರಿಸಿದರೆ ಮಾತ್ರ ಮರುಯೋಚನೆ. ಮೊದಲ ಮೂರು ವರ್ಷ ಪರೀಕ್ಷೆಯೇ ಇಲ್ಲದಿರುವುದರಿಂದ ಆ ಅವಧಿಯ ಮೈಲಿಗೆ ಸರ್ವಿಸ್ ದಾಖಲೆ ಬೇಕಾಗುತ್ತದೆ.

ನಡುವೆ ಒಂದು ವರ್ಷ ಪರೀಕ್ಷೆಯೇ ಇಲ್ಲದಿದ್ದರೆ ಕಾರಣ ಕೇಳಬೇಕು. ಕಾರು ರಸ್ತೆಗಿಳಿಯದೆ ನಿಂತಿತ್ತೇ, ಅಪಘಾತದ ನಂತರ ರಿಪೇರಿಯಲ್ಲಿತ್ತೇ, ಹೊರದೇಶದಲ್ಲಿತ್ತೇ? ಇದಕ್ಕೊಂದು ಹೊರತು ಇದೆ: ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 30ರಿಂದ ಜುಲೈ ಅಂತ್ಯದೊಳಗೆ ಎಂಒಟಿ ಮುಗಿಯುವ ಕಾರುಗಳಿಗೆ ಸರ್ಕಾರವೇ ಆರು ತಿಂಗಳ ವಿನಾಯಿತಿ ಕೊಟ್ಟಿತ್ತು. ಆ ವರ್ಷ ಪರೀಕ್ಷೆ ಹದಿನೆಂಟು ತಿಂಗಳಿಗೊಮ್ಮೆ ನಡೆದಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

ಮೂರನೆಯ ಕಾರಿನ ಕಡಿಮೆ ಮೈಲಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮನೆಯ ಮುಂದೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಟೈರಿನ ರಬ್ಬರ್ ಗಡುಸಾಗಿ ಬಿರಿಯುತ್ತದೆ, ಬ್ಯಾಟರಿ ಸೊರಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದರೆ ಅದನ್ನು ಬದಲಿಸಲು ತಯಾರಕರು ಮೈಲಿಯ ಜೊತೆಗೆ ವರ್ಷದ ಮಿತಿಯನ್ನೂ ಹಾಕಿರುತ್ತಾರೆ. ಮೈಲಿ ಕಡಿಮೆ ಎಂದು ವರ್ಷ ನಿಲ್ಲುವುದಿಲ್ಲ. ಇದೇ ಕಾರು ಡೀಸೆಲ್ ಆಗಿದ್ದರೆ ನಾನು ಇನ್ನೂ ಹಿಂಜರಿಯುತ್ತಿದ್ದೆ, ಏಕೆಂದರೆ ಸಣ್ಣ ಸಣ್ಣ ಓಡಾಟದಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ಸುಟ್ಟು ಶುಚಿಯಾಗಲು ಬೇಕಾದ ಬಿಸಿಯೇ ಸಿಗುವುದಿಲ್ಲ. ಹಾಗಿದ್ದರೂ ಮೂರನೆಯದು ತಳ್ಳಿಹಾಕುವ ಕಾರಲ್ಲ. ನಾಲ್ಕು ಟೈರು, ಡಿಸ್ಕು ಪ್ಯಾಡುಗಳು, ಬ್ಯಾಟರಿ, ಬೇಕಿದ್ದರೆ ಟೈಮಿಂಗ್ ಬೆಲ್ಟ್ ಇವುಗಳ ಖರ್ಚನ್ನು ಸ್ಥಳೀಯ ಗ್ಯಾರೇಜಿನಲ್ಲಿ ವಿಚಾರಿಸಿ ಬೆಲೆಯಿಂದ ಕಳೆದು ಕೇಳಬೇಕು. ಮಾರುವವರು ಒಪ್ಪಿದರೆ ಒಳ್ಳೆಯ ವ್ಯಾಪಾರವೇ.

ಈ ದಾಖಲೆ ಹೇಳದಿರುವುದು

ಎಂಒಟಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಯನ್ನು ಪರೀಕ್ಷಿಸುವುದಿಲ್ಲ. ಕ್ಲಚ್ ಕೊನೆಯುಸಿರು ಎಳೆಯುತ್ತಿದ್ದರೂ ಕಾರು ಪಾಸಾಗಬಹುದು. ಕಾರಿನ ಮೇಲೆ ಬಾಕಿ ಸಾಲವಿದೆಯೇ, ಕದ್ದದ್ದೇ, ವಿಮೆಯವರು ಅದನ್ನು ರೈಟ್-ಆಫ್ ಮಾಡಿದ್ದರೇ (ರಿಪೇರಿಗೆ ಯೋಗ್ಯವಲ್ಲವೆಂದು ಕೈಬಿಟ್ಟಿದ್ದರೇ) ಎಂಬುದಕ್ಕೂ ಇಲ್ಲಿ ಉತ್ತರವಿಲ್ಲ. ಅದಕ್ಕೆ ಹಣ ಕೊಟ್ಟು ಬೇರೆ ತಪಾಸಣೆ ಮಾಡಿಸಬೇಕು. 2017ರ ಅಕ್ಟೋಬರ್‌ನಿಂದ ರೈಟ್-ಆಫ್ ಆಗಿ ಮತ್ತೆ ರಸ್ತೆಗೆ ಬರಬಹುದಾದ ಕಾರುಗಳಿಗೆ 'ಎಸ್' ಮತ್ತು 'ಎನ್' ಎಂಬ ವರ್ಗಗಳಿವೆ. 'ಎಸ್' ಎಂದರೆ ಕಾರಿನ ರಚನೆಗೇ ಪೆಟ್ಟಾಗಿತ್ತು. ಮೊದಲ ಸಲ ಕೊಳ್ಳುವವರಿಗೆ 'ಎಸ್' ವರ್ಗದ ಕಾರು ಬೇಡ ಎಂದೇ ನಾನು ಹೇಳುತ್ತೇನೆ, ಬೆಲೆ ಎಷ್ಟೇ ಇಳಿದಿರಲಿ.

ಯಾರಿಂದ ಕೊಳ್ಳುತ್ತೀರಿ ಎಂಬುದರ ಮೇಲೂ ದಾಖಲೆಯನ್ನು ಎಷ್ಟು ಬಿಗಿಯಾಗಿ ಓದಬೇಕೆಂಬುದು ಬದಲಾಗುತ್ತದೆ. ಡೀಲರ್ ಬಳಿ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಮಾರುವಾಗಲೇ ಇದ್ದ ದೋಷ ಗೊತ್ತಾದಲ್ಲಿ 30 ದಿನದೊಳಗೆ ಕಾರು ಹಿಂದಿರುಗಿಸಿ ಹಣ ಕೇಳುವ ಹಕ್ಕಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಕಾರು ಅವರು ವರ್ಣಿಸಿದಂತಿರಬೇಕು ಎಂಬುದನ್ನು ಬಿಟ್ಟರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಮೊದಲನೆಯ ಕಾರು ಡೀಲರ್ ಬಳಿ ಇದ್ದು ವೆಲ್ಡಿಂಗಿನ ಬಿಲ್ ತೋರಿಸಿದರೆ ನಾನು ಯೋಚಿಸಿಯೇನು. ಅದೇ ಕಾರು ಖಾಸಗಿಯವರ ಬಳಿ ಬಿಲ್ ಇಲ್ಲದೆ ನಿಂತಿದ್ದರೆ ಬೇಡ. ಎರಡನೆಯದನ್ನು ಇಬ್ಬರಲ್ಲಿ ಯಾರಿಂದಲಾದರೂ, ಕ್ಲಚ್ ಮತ್ತು ಗೇರ್‌ಬಾಕ್ಸ್ ಓಡಿಸಿ ನೋಡಿದ ಮೇಲೆ, ಕೊಳ್ಳುತ್ತೇನೆ.

ಇನ್ನೂ ಅನುಮಾನ ಉಳಿದರೆ ಎರಡು ದಾರಿಗಳಿವೆ. ಕಾರಿನ ಲಾಗ್‌ಬುಕ್, ಅಂದರೆ ವಿ5ಸಿ ಪತ್ರದ ಮೇಲೆ 11 ಅಂಕಿಯ ದಾಖಲೆ ಸಂಖ್ಯೆ ಇರುತ್ತದೆ. ಅದನ್ನು ಜಾಲತಾಣದಲ್ಲಿ ಕೊಟ್ಟರೆ ಪ್ರತಿ ಪರೀಕ್ಷೆ ಯಾವ ಕೇಂದ್ರದಲ್ಲಿ ನಡೆಯಿತೆಂದು ಗೊತ್ತಾಗುತ್ತದೆ. ಆರು ವರ್ಷ ಒಂದೇ ಗ್ಯಾರೇಜಿಗೆ ಹೋಗಿದ್ದ ಕಾರು ಮಾರಾಟಕ್ಕೆ ಮುಂಚಿನ ಪರೀಕ್ಷೆಗೆ ಮಾತ್ರ ದೂರದ ಊರಿನ ಬೇರೆ ಕೇಂದ್ರಕ್ಕೆ ಹೋಗಿದ್ದರೆ, ಏಕೆ ಎಂದು ಕೇಳುವುದು ನಿಮ್ಮ ಹಕ್ಕು. ಇನ್ನೊಂದು ದಾರಿ, ಮಾರುವವರ ಒಪ್ಪಿಗೆ ಪಡೆದು ನೀವೇ ಆರಿಸಿದ ಕೇಂದ್ರದಲ್ಲಿ ಹೊಸದಾಗಿ ಎಂಒಟಿ ಮಾಡಿಸುವುದು. ಕಾರಿಗೆ ವಿಧಿಸಬಹುದಾದ ಗರಿಷ್ಠ ಶುಲ್ಕ 54.85 ಪೌಂಡ್, ಅನೇಕ ಗ್ಯಾರೇಜುಗಳು ಅದಕ್ಕಿಂತ ಕಡಿಮೆ ತೆಗೆದುಕೊಳ್ಳುತ್ತವೆ. ಲಿಫ್ಟಿನ ಮೇಲೆ ಏರಿಸಿದಾಗ ಅಡಿಭಾಗದ ಫೋಟೊ ತೆಗೆದುಕೊಡುವಂತೆ ಪರೀಕ್ಷಕರನ್ನು ಮೊದಲೇ ವಿನಂತಿಸಿಕೊಳ್ಳಿ. ಪರೀಕ್ಷೆಗೆ ಕಾರು ಕೊಡಲು ಮಾರುವವರು ಒಪ್ಪದಿದ್ದರೆ, ಮುಂಗಡ ಕೊಡದೆ ಪಟ್ಟಿಯಲ್ಲಿರುವ ಮುಂದಿನ ಕಾರನ್ನು ನೋಡಲು ಹೊರಡಿ.